ಇನ್‌ಸ್ಪೆಕ್ಟರ್ ತಂದ ಉಕ್ಕಿನ ಬೆರಳು ಶೀಟಿನ ತೂತಿನೊಳಗೆ ಹೋಯಿತು, ಪ್ಯಾನೆಲ್ ರಿಜೆಕ್ಟ್! ಇದು ನ್ಯಾಯವಾ?

ಪೀಣ್ಯ_ಪ್ಯಾನೆಲ್
ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಪ್ಯಾನೆಲ್ ಯೂನಿಟ್ ಇದೆ. ಒಂದು ಫುಡ್ ಫ್ಯಾಕ್ಟರಿಗೆ 415 ವೋಲ್ಟ್ ಪ್ಯಾನೆಲ್ (ಕರೆಂಟ್ ಹಂಚುವ ಪೆಟ್ಟಿಗೆ) ಮಾಡಿದ್ದೆವು. ಹೊರಗೆ ಐಪಿ 54 (ಪೆಟ್ಟಿಗೆಯೊಳಗೆ ಕೈ, ಧೂಳು, ನೀರು ಹೋಗದ ಹಾಗೆ ಎಷ್ಟು ರಕ್ಷಣೆ ಇದೆ ಅಂತ ಹೇಳುವ ಅಂಕಿ). ಬಾಗಿಲು ತೆಗೆದರೆ ಒಳಗೆ ಇನ್‌ಕಮರ್ ಎಂಸಿಸಿಬಿ (ಹೊರಗಿನ ಸಪ್ಲೈ ಬಂದು ಸೇರುವ ದೊಡ್ಡ ಬ್ರೇಕರ್) ಮುಂದೆ ಪಾಲಿಕಾರ್ಬೊನೇಟ್ ಶೀಟ್. ಮಲ್ಟಿಮೀಟರ್ ಪ್ರೋಬ್ ಇಟ್ಟು ವೋಲ್ಟೇಜ್ ನೋಡಲಿ ಅಂತ ಮೂರೂ ಟರ್ಮಿನಲ್ ಎದುರಿಗೆ 16 ಎಂಎಂ ತೂತು ಕೊರೆದಿದ್ದೆವು. ಟರ್ಮಿನಲ್ ಶೀಟಿನಿಂದ ಸುಮಾರು 25 ಎಂಎಂ ಹಿಂದೆ ಇದೆ.

ಗಿರಾಕಿ ಕಡೆಯ ಇನ್‌ಸ್ಪೆಕ್ಟರ್ ಬಂದರು. ಬ್ಯಾಗಿನಿಂದ ಗೆಣ್ಣು ಮಡಚುವ ಒಂದು ಉಕ್ಕಿನ ಬೆರಳು ತೆಗೆದರು. ಅದಕ್ಕೊಂದು ವೈರು, ವೈರಿಗೊಂದು ದೀಪ. ಪ್ಯಾನೆಲ್‌ಗೆ ಸಪ್ಲೈ ಇರಲಿಲ್ಲ. ತೂತಿನಲ್ಲಿ ಬೆರಳು ತೂರಿಸಿದರು, ದೀಪ ಹತ್ತಿತು. 'ಫೇಲ್' ಅಂದರು.

ಆರ್ಡರ್‌ನಲ್ಲಿ 'ಬಾಗಿಲು ತೆಗೆದಾಗ ಒಳಗೆ ಐಪಿ 2ಎಕ್ಸ್' ಅಂತ ಒಂದು ಸಾಲು ಇರುವುದು ನಿಜ (ಎಕ್ಸ್ ಅಂದರೆ ಆ ಜಾಗಕ್ಕೆ ಅಂಕಿ ಕೊಟ್ಟಿಲ್ಲ ಅಂತ). ಆದರೆ ನಮ್ಮ ಫಿಟ್ಟರ್ ಕೈಬೆರಳು ಆ ತೂತಿನಲ್ಲಿ ಮೊದಲ ಗೆಣ್ಣಿನ ಮೇಲೆ ಹೋಗುವುದೇ ಇಲ್ಲ! ಕೆಲಸ ಮಾಡುವವರ ಬೆರಳು ಹೋಗದ ಕಡೆ ಲೋಹದ ಬೆರಳು ಹೋಯಿತು ಅಂತ ರಿಜೆಕ್ಟ್ ಮಾಡಿದರೆ ಹೇಗೆ? ತಿಳಿದವರು ಹೇಳಿ.

ಬೋರ್‌ವೆಲ್_ಭೈರ
ನಿಮ್ಮ ಫಿಟ್ಟರ್ ದಿನಾ ಮುದ್ದೆ ಊಟ ಮಾಡೋರು ಅನ್ಸುತ್ತೆ 😄

ಲ್ಯಾಬ್_ಪೆನ್ಷನರ್
ರಿಜೆಕ್ಟ್ ಮಾಡಿದ್ದು ಸರಿಯಾಗಿಯೇ ಇದೆ ಸ್ವಾಮಿ. ಯಾಕೆ ಅಂತ ಹೇಳುತ್ತೇನೆ. ಹೋದ ಜನ್ಮದ ಸಾಲವೋ ಏನೋ, ನೌಕರಿ ಪೂರ್ತಿ ಈ ಬೆರಳು ಹಿಡಿದುಕೊಂಡೇ ಕಳೆದೆ.

ನೋಡಬೇಕಾದ್ದು ಐಎಸ್/ಐಇಸಿ 60529, ಈ ಐಪಿ ಅಂಕಿಗಳ ಸ್ಟ್ಯಾಂಡರ್ಡ್. ಅದರಲ್ಲಿ ಮೊದಲ ಅಂಕಿ 2 ಅಂದರೆ ಎರಡು ಪರೀಕ್ಷೆ, ಒಂದಲ್ಲ. ಮೊದಲನೆಯದು 12.5 ಎಂಎಂ ವ್ಯಾಸದ ಗುಂಡು. ಅದನ್ನು 30 ನ್ಯೂಟನ್ ಬಲದಲ್ಲಿ, ಅಂದರೆ ಸುಮಾರು 3 ಕೆಜಿ ಭಾರದಷ್ಟು ಒತ್ತಿದರೂ ಪೂರ್ತಿ ಒಳಗೆ ಹೋಗಬಾರದು. ಎರಡನೆಯದು ಬೆರಳು. 12 ಎಂಎಂ ದಪ್ಪ, 80 ಎಂಎಂ ಉದ್ದ, 10 ನ್ಯೂಟನ್ ಬಲ. ಬೆರಳು ಒಳಗೆ ಹೋಗಬಹುದು, ಆದರೆ ಅಪಾಯದ ಭಾಗ ಮುಟ್ಟಬಾರದು.

ನಿಮ್ಮದು 16 ಎಂಎಂ ತೂತು. ಗುಂಡು ಒತ್ತುವುದೇ ಬೇಡ, ತಾನಾಗಿ ಉರುಳಿ ಒಳಗೆ ಬೀಳುತ್ತದೆ. ಬೆರಳು ಹಾಕುವ ಮೊದಲೇ ನೀವು ಫೇಲ್. ಇನ್‌ಸ್ಪೆಕ್ಟರ್ ದೊಡ್ಡ ಮನಸ್ಸು ಮಾಡಿ ದೀಪ ಹತ್ತಿಸಿ ತೋರಿಸಿದ್ದಾರೆ ಅಷ್ಟೇ.

ಪೀಣ್ಯ_ಪ್ಯಾನೆಲ್
ಸರ್, ಹಾಗಾದರೆ 12 ಎಂಎಂ ತೂತು ಮಾಡಿದರೆ? ಗುಂಡು 12.5, ಹೋಗಲ್ಲ.

ಲ್ಯಾಬ್_ಪೆನ್ಷನರ್
ಗುಂಡು ಹೋಗಲ್ಲ, ಬೆರಳು ಹೋಗುತ್ತೆ. ಬೆರಳಿನ ದಪ್ಪಕ್ಕೆ ಇರುವ ಟಾಲರೆನ್ಸ್ ಕೆಳಕ್ಕೆ ಮಾತ್ರ. 12 ಇರಬಹುದು, ಇಲ್ಲ ಅದಕ್ಕಿಂತ 0.05 ಕಡಿಮೆ ಇರಬಹುದು, ಜಾಸ್ತಿ ಇರುವ ಹಾಗಿಲ್ಲ. 12ರ ಡ್ರಿಲ್ ಹಾಕಿದ ತೂತು ಒಂದು ಕೂದಲು ಜಾಸ್ತಿಯೇ ಬರುತ್ತೆ. ಬೆರಳು ಸರಾಗವಾಗಿ ಇಳಿದು 25 ಎಂಎಂ ಆಚೆ ಟರ್ಮಿನಲ್ ಮುಟ್ಟುತ್ತದೆ. ಮತ್ತೆ ದೀಪ.

ಕ್ವಾಲಿಟಿ_ಅಕ್ಕ
ಇದೇ ಜಾಗದಲ್ಲಿ ಜನ ಎಡವುವುದು. ತೂತಿನ ಅಳತೆ ಒಂದೇ ನೋಡುತ್ತಾರೆ. ತೂತಿನ ಹಿಂದೆ ಎಷ್ಟು ದೂರದಲ್ಲಿ ಏನಿದೆ ಅಂತ ನೋಡುವುದೇ ಇಲ್ಲ.

ಆರ್ಡರ್‌ನಲ್ಲಿ 2ಎಕ್ಸ್ ಬದಲು 'ಐಪಿ ಎಕ್ಸ್‌ಎಕ್ಸ್‌ಬಿ' ಅಂತ ಇದ್ದಿದ್ದರೆ ಕಥೆ ಬೇರೆ. ಬಿ ಅಂದರೆ ಬೆರಳಿನ ಪರೀಕ್ಷೆ ಮಾತ್ರ, ಗುಂಡಿನ ಗೊಡವೆ ಇಲ್ಲ. 20 ಎಂಎಂ ತೂತು ಇದ್ದರೂ ಲೈವ್ ಭಾಗ ಬೆರಳಿಗೆ ಎಟುಕದಷ್ಟು ಆಳದಲ್ಲಿದ್ದರೆ, ಇಲ್ಲ ನಡುವೆ ಒಂದು ಅಡ್ಡತಡೆ ಇದ್ದರೆ ಪಾಸ್. ಬೆರಳಿನ ಬುಡದಲ್ಲಿ 50 x 20 ಎಂಎಂ ತಡೆಫಲಕ ಇರುತ್ತದೆ, ಅಂಗೈ ಅಡ್ಡ ಬಂದ ಹಾಗೆ. ಅದು ತೂತಿನಲ್ಲಿ ತೂರದೆ ನಿಂತರೆ ಮುಂದೆ 80 ಎಂಎಂ, ಅಷ್ಟೇ.

ಪ್ಯಾನೆಲ್ ಸ್ಟ್ಯಾಂಡರ್ಡ್ 61439ರಲ್ಲೂ ಒಳಗಿನ ವಿಂಗಡಣೆಗೆ ಬರುವುದು ಈ ಎಕ್ಸ್‌ಎಕ್ಸ್‌ಬಿ. ಸುಮಾರು ಕನ್ಸಲ್ಟೆಂಟ್‌ಗಳು ಎರಡೂ ಒಂದೇ ಅಂದುಕೊಂಡು ಹಳೇ ಟೆಂಡರ್‌ನಿಂದ ಕಾಪಿ ಹೊಡೆದು 2ಎಕ್ಸ್ ಅಂತ ಬರೆದುಬಿಡುತ್ತಾರೆ.

ವೈರ್‌ಮನ್_ಗದಗ
ಇಷ್ಟೆಲ್ಲಾ ಯಾಕ್ರೀ? ಬಾಗಿಲ ಮೇಲೆ ಡೇಂಜರ್ ಬೋರ್ಡ್ ಹಾಕ್ರಿ, ತಲೆಬುರುಡೆ ಚಿತ್ರ ಹಾಕ್ರಿ. ಕರೆಂಟ್ ಕೆಲಸ ಗೊತ್ತಿದ್ದವ ಅದರಾಗ ಬೆರಳ ಯಾಕ ಇಡ್ತಾನ?

ಕ್ವಾಲಿಟಿ_ಅಕ್ಕ
ಅಣ್ಣಾ, ಬೇಕು ಅಂತ ಯಾರೂ ಇಡಲ್ಲ. ಕೆಳಗೆ ಬಿದ್ದ ಸ್ಕ್ರೂ ಹುಡುಕುವಾಗ, ಕತ್ತಲಲ್ಲಿ ಟ್ರಿಪ್ ಆದ ಎಂಸಿಬಿ ಎತ್ತುವಾಗ, ಜಾರಿ ಬೀಳುವಾಗ ಹಿಡಿಯಲು ಹೋಗಿ ತಾಗುವುದು. ಬೋರ್ಡು ಓದುವುದು ಕಣ್ಣು, ಹೋಗುವುದು ಕೈ.

ಆರ್‌ಸಿಸಿಬಿ_ಭಕ್ತ
30 ಮಿಲಿ ಆಂಪ್ ಆರ್‌ಸಿಸಿಬಿ ಹಾಕಿದರೆ ಈ ಬೆರಳು, ಗುಂಡು ಯಾವುದೂ ಬೇಡ. ಮುಟ್ಟಿದ ಕೂಡಲೇ ಟ್ರಿಪ್. ನಮ್ಮ ಮನೆಯಲ್ಲಿ ಅದೇ ಹಾಕಿದ್ದೇನೆ, ನಿಶ್ಚಿಂತೆ.

ಲ್ಯಾಬ್_ಪೆನ್ಷನರ್
ಮನೆಗೆ ಹಾಕಿದ್ದು ಒಳ್ಳೆಯದಾಯಿತು. ಆದರೆ ಎರಡು ಮಾತು. ಆರ್‌ಸಿಸಿಬಿ ನೋಡುವುದು ಭೂಮಿಗೆ ಸೋರುವ ಕರೆಂಟನ್ನು. ಎರಡು ಬೆರಳು ಎರಡು ಫೇಸಿಗೆ ತಾಗಿದರೆ, ಇಲ್ಲ ಫೇಸ್ ಮತ್ತು ನ್ಯೂಟ್ರಲ್ ನಡುವೆ ಸಿಕ್ಕಿಕೊಂಡರೆ, ಅದರ ಲೆಕ್ಕದಲ್ಲಿ ನೀವೂ ಒಂದು ಬಲ್ಬ್. ಸುಮ್ಮನೆ ನೋಡುತ್ತಾ ಕೂರುತ್ತದೆ.

ಎರಡನೆಯದು, ಇಲ್ಲಿ ಮುಟ್ಟುತ್ತಿರುವುದು ಇನ್‌ಕಮಿಂಗ್ ಟರ್ಮಿನಲ್. ಪ್ಯಾನೆಲ್ ಒಳಗಿನ ಯಾವ ಆರ್‌ಸಿಸಿಬಿಯೂ ಅದಕ್ಕಿಂತ ಮುಂದಿರಲು ಸಾಧ್ಯವಿಲ್ಲ. ಫ್ಯಾಕ್ಟರಿ ಮೇನ್‌ನಲ್ಲಿ ಇದ್ದರೂ ಅದು ಹೆಚ್ಚಾಗಿ 300 ಮಿಲಿ ಆಂಪಿನದು, ಬೆಂಕಿ ತಡೆಯೋಕೆ. ಮನುಷ್ಯನ ಜೀವಕ್ಕೆ ಅದು ಉತ್ತರವಲ್ಲ.

ಮ್ಯೂನಿಕ್_ಮೈಸೂರಿಗ
ಇನ್‌ಕಮಿಂಗ್ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಬಾಗಿಲಿಗೆ ಇಂಟರ್‌ಲಾಕ್ ಹ್ಯಾಂಡಲ್ ಇದೆ, ಎಂಸಿಸಿಬಿ ಆಫ್ ಮಾಡದೆ ಬಾಗಿಲು ತೆಗೆಯೋಕಾಗಲ್ಲ, ಹಾಗಾಗಿ ಒಳಗೆಲ್ಲ ಸೇಫ್ ಅಂತ ವಾದ ಮಾಡುವವರು ಇಲ್ಲೂ ಇದ್ದಾರೆ. ಎಂಸಿಸಿಬಿ ಆಫ್ ಆದ ಮೇಲೂ ಅದರ ಮೇಲ್ಗಡೆ ಟರ್ಮಿನಲ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಅಪಾಯ ಅಲ್ಲೇ ಜಾಸ್ತಿ, ಯಾಕೆಂದರೆ ಹ್ಯಾಂಡಲ್ ತಿರುಗಿಸಿದವನು ಎಲ್ಲ ಸತ್ತಿದೆ ಅಂದುಕೊಂಡು ಕೈ ಹಾಕುತ್ತಾನೆ.

ಜರ್ಮನಿಯಲ್ಲಿ ಇದರ ಬಗ್ಗೆ ಬಿಗಿ ಇದೆ. ಪ್ಯಾನೆಲ್ ಒಳಗೆ ರೀಸೆಟ್ ಬಟನ್ ಇದೆ ಅಂದುಕೊಳ್ಳಿ. ಬಟನ್ನಿನ ಪಕ್ಕದ ಜಾಗ ಬೆರಳಿಗೆ ಸುರಕ್ಷಿತ ಇರಬೇಕು, ಅದರ ಸುತ್ತಲಿನ ದೊಡ್ಡ ಜಾಗ ಮುಂಗೈ ತಾಗಿದರೂ ಸುರಕ್ಷಿತ ಇರಬೇಕು. ಕೈ ಹೋಗುವ ದಾರಿ ನೋಡಿ ನಿಯಮ ಮಾಡಿದ್ದಾರೆ.

ಬೋರ್‌ವೆಲ್_ಭೈರ
ನಮ್ಮ ತೋಟದ ಸ್ಟಾರ್ಟರ್ ಬಾಕ್ಸ್ ನೋಡಿದರೆ ನಿಮ್ಮ ಜರ್ಮನ್ ಇನ್‌ಸ್ಪೆಕ್ಟರ್ ಅಲ್ಲೇ ತಲೆ ತಿರುಗಿ ಬೀಳ್ತಾರೆ. ಬಾಗಿಲು ಕಿತ್ತುಹೋಗಿ ಎಷ್ಟೋ ಕಾಲ ಆಯ್ತು. ಕಾಯಿಲ್ ಸುಟ್ಟರೆ ಕಾಂಟ್ಯಾಕ್ಟರ್‌ಗೆ ಒಣ ಕೋಲು ಒತ್ತಿ ಮೋಟರ್ ಶುರು ಮಾಡ್ತೀವಿ. ರಾತ್ರಿ ತ್ರೀ ಫೇಸ್ ಕೊಟ್ಟಾಗ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು.

ಕ್ವಾಲಿಟಿ_ಅಕ್ಕ
ದಯವಿಟ್ಟು ಬಾಗಿಲು ಹಾಕಿಸಿ ಸರ್. ಗದ್ದೆ ಒದ್ದೆ, ಕಾಲು ಬರಿಗಾಲು. ತಮಾಷೆ ಅಲ್ಲ.

ಶಾರ್ಟ್‌ಕಟ್_ಸ್ವಾಮಿ
@ಪೀಣ್ಯ_ಪ್ಯಾನೆಲ್ ಶೀಟ್ ಬದಲಿಸೋದು ಯಾಕೆ? ಟರ್ಮಿನಲ್ ಲಿಂಕ್‌ಗೆ ಇನ್ಸುಲೇಟಿಂಗ್ ವಾರ್ನಿಶ್ ಎರಡು ಕೋಟ್ ಹೊಡೀರಿ. ಬೆರಳು ಮುಟ್ಟಿದರೂ ದೀಪ ಹತ್ತಲ್ಲ. ಕೆಲಸ ಮುಗೀತು.

ಲ್ಯಾಬ್_ಪೆನ್ಷನರ್
ಈ ಐಡಿಯಾ ನಿಮಗಿಂತ ಮುಂಚೆಯೇ ಯಾರಿಗೋ ಹೊಳೆದಿತ್ತು. ಅದಕ್ಕೇ ಸ್ಟ್ಯಾಂಡರ್ಡ್‌ನಲ್ಲಿ ಬರೆದಿಟ್ಟಿದ್ದಾರೆ. ಬರೀ ವಾರ್ನಿಶ್ ಅಥವಾ ಪೇಂಟ್ ಇರುವ ಲೈವ್ ಭಾಗದ ಮೇಲೆ ಲೋಹದ ಹಾಳೆ ಸುತ್ತಿ, ಅದನ್ನು ಒಳಗಿನ ಲೈವ್ ಭಾಗಕ್ಕೆ ಜೋಡಿಸಿ, ಆಮೇಲೆ ಬೆರಳು ಹಾಕಬೇಕು. ಅಂದರೆ ಪೇಂಟು ಇಲ್ಲವೇ ಇಲ್ಲ ಅಂತ ಲೆಕ್ಕ. ಬಸ್‌ಬಾರ್‌ಗೆ ಕೆಂಪು, ಹಳದಿ, ನೀಲಿ ಬಳಿಯುವುದು ಫೇಸ್ ಗುರುತಿಗೆ. ರಕ್ಷಣೆಗಲ್ಲ.

ಆ ದೀಪದ ಬಗ್ಗೆಯೂ ಹೇಳಿಬಿಡುತ್ತೇನೆ, ಕೆಲವರು 230 ವೋಲ್ಟ್ ಟೆಸ್ಟ್ ಲ್ಯಾಂಪ್ ಹಾಕುತ್ತಾರೆ. ಬೇಡ. 40ರಿಂದ 50 ವೋಲ್ಟ್ ಸಪ್ಲೈ, ಅದರ ಜೊತೆ ಸೀರೀಸ್‌ನಲ್ಲಿ ದೀಪ. ಒಂದು ತುದಿ ಬೆರಳಿಗೆ, ಇನ್ನೊಂದು ತುದಿ ಅಪಾಯದ ಭಾಗಕ್ಕೆ. ಮೂರೂ ಫೇಸ್ ಒಟ್ಟಿಗೆ ಜೋಡಿಸಿಕೊಂಡರೆ ಒಂದೇ ಸಲ ಎಲ್ಲ ತೂತೂ ನೋಡಬಹುದು.

ಶಾರ್ಟ್‌ಕಟ್_ಸ್ವಾಮಿ
ಹೀಟ್ ಶ್ರಿಂಕ್ ಸ್ಲೀವ್?

ಲ್ಯಾಬ್_ಪೆನ್ಷನರ್
ಸ್ಲೀವ್ ಬೇರೆ, ಪೇಂಟ್ ಬೇರೆ. ಆ ವೋಲ್ಟೇಜಿಗೆ ಮಾಡಿದ ಸ್ಲೀವ್ ಆದರೆ, ಚಾಕು ಹಾಕದೆ ಬಿಚ್ಚಲಾಗದಿದ್ದರೆ, ಇನ್ಸುಲೇಶನ್ ಅಂತ ಒಪ್ಪಬಹುದು. ಆದರೆ ಬೋಲ್ಟ್ ಇರುವ ಕಡೆ ಸ್ಲೀವ್ ನಿಂತುಹೋಗಿರುತ್ತದೆ. ಬೆರಳು ಹುಡುಕಿಕೊಂಡು ಹೋಗುವುದು ಅಲ್ಲಿಗೇ.

ಪೀಣ್ಯ_ಪ್ಯಾನೆಲ್
ನನ್ನ ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಬೆರಳು 12 ಎಂಎಂ ಅಂತ ಯಾಕೆ? ನಮ್ಮ ಹುಡುಗರಲ್ಲಿ ಯಾರ ಬೆರಳೂ ಅಷ್ಟು ಸಣ್ಣ ಇಲ್ಲ. ಕ್ಯಾಲಿಪರ್ ಹಾಕಿ ನೋಡಿದೆ.

ಕ್ವಾಲಿಟಿ_ಅಕ್ಕ
ನಿಮ್ಮ ಹುಡುಗರಲ್ಲಿ ಹುಡುಗಿಯರು ಇಲ್ಲ ಅಂತ ಗೊತ್ತಾಯಿತು. ಈಗಷ್ಟೇ ನನ್ನ ಕಿರುಬೆರಳು ಅಳೆದೆ, 12 ಎಂಎಂ ಒಳಗೇ ಇದೆ. ನಾನೂ ಪ್ಯಾನೆಲ್ ಒಳಗೆ ಕೈ ಹಾಕುವವಳೇ.

ಮ್ಯೂನಿಕ್_ಮೈಸೂರಿಗ
😂 ಉತ್ತರ ಸಿಕ್ಕಿತು ಅಲ್ವಾ?

ಲ್ಯಾಬ್_ಪೆನ್ಷನರ್
ಮೇಡಂ ಹೇಳಿದ್ದೇ ಸರಿ. ಪರೀಕ್ಷೆಯ ಬೆರಳು ಸರಾಸರಿ ಮನುಷ್ಯನದಲ್ಲ. ಸಣ್ಣ ಕೈಯವರೂ ಬಚಾವಾಗಬೇಕು ಅಂತ ಸಣ್ಣದಾಗಿಯೇ ಇಟ್ಟಿದ್ದಾರೆ. ಉದ್ದ 80, ಗೆಣ್ಣುಗಳು ತುದಿಯಿಂದ 30ಕ್ಕೆ ಮತ್ತು 60ಕ್ಕೆ. ಒಂದೇ ದಿಕ್ಕಿಗೆ 90 ಡಿಗ್ರಿವರೆಗೆ ಮಡಚುತ್ತವೆ. ನೇರವಾಗಿ ತೂರಿಸಿ ಪಾಸ್ ಅಂತ ಬರೆಯುವ ಹಾಗಿಲ್ಲ. ಮಡಚಿ, ಓರೆ ಮಾಡಿ, ಸಾಧ್ಯ ಇರುವ ಎಲ್ಲ ಭಂಗಿಯಲ್ಲೂ ನೋಡಬೇಕು. ನೇರ ಹೋದಾಗ ಏನೂ ತಾಗದೆ, ಒಳಗೆ ಕೊಂಕಿಸಿದಾಗ ಪಕ್ಕದ ಟರ್ಮಿನಲ್ ತಾಗಿದ್ದು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ.

ಮತ್ತೊಂದು: ತುದಿ ಚಪ್ಪಟೆಯಲ್ಲ, ನಮ್ಮ ಬೆರಳ ಹಾಗೆಯೇ ಮೊನಚಾಗುತ್ತಾ ಬರುತ್ತದೆ. 10 ಎಂಎಂ ತೂತಾದರೂ ತುದಿ ಸ್ವಲ್ಪ ಒಳಗೆ ಇಣುಕುತ್ತದೆ. ಶೀಟಿಗೆ ಅಂಟಿಕೊಂಡ ಹಾಗೆ ಲೈವ್ ಭಾಗ ಇದ್ದರೆ ಅದಕ್ಕೂ ಫೇಲ್.

ಅಮ್ಮ_ಇಂಜಿನಿಯರ್
ಹಾಗಾದರೆ ಮಕ್ಕಳ ಬೆರಳು? ನನ್ನ ಮಗಳಿಗೆ ಎರಡು ವರ್ಷ. ಟೇಬಲ್ ಫ್ಯಾನ್ ಜಾಲರಿಯೊಳಗೆ ಅವಳ ಬೆರಳು ಸಲೀಸಾಗಿ ಹೋಗುತ್ತದೆ.

ಲ್ಯಾಬ್_ಪೆನ್ಷನರ್
ಅದಕ್ಕೆ ಬೇರೆ ಬೆರಳುಗಳಿವೆ ತಾಯಿ. ಐಇಸಿ 61032 ಅಂತ ಒಂದು ಸ್ಟ್ಯಾಂಡರ್ಡ್ ಇದೆ, ಪ್ರೋಬ್‌ಗಳದ್ದೇ ಪಟ್ಟಿ. ಅದರಲ್ಲಿ 18ನೇ ನಂಬರ್ 3 ವರ್ಷದಿಂದ 14 ವರ್ಷದ ಮಕ್ಕಳ ಬೆರಳು, 8.6 ಎಂಎಂ. 19ನೇ ನಂಬರ್ 3 ವರ್ಷದೊಳಗಿನ ಮಕ್ಕಳದು, 5.6 ಎಂಎಂ, ಉದ್ದ 44. ಆದರೆ ಯಾವ ಸಾಮಾನಿಗೆ ಯಾವ ಬೆರಳು ಹಾಕಬೇಕು ಅಂತ ಹೇಳುವುದು ಆ ಸಾಮಾನಿನ ಸ್ಟ್ಯಾಂಡರ್ಡ್. ಮನೆ ಸಾಮಾನಿಗೆ ಹಿಂದಿನಿಂದ ಬಂದದ್ದು ದೊಡ್ಡವರ ಬೆರಳು. ಅಂತರರಾಷ್ಟ್ರೀಯ ಮಟ್ಟದ ಹೊಸ ಆವೃತ್ತಿಗಳಲ್ಲಿ 18ನೆಯದೂ ಬಂದಿದೆ. ನಿಮ್ಮ ಮಗಳ ಬೆರಳು ಅದಕ್ಕಿಂತಲೂ ಸಣ್ಣದು. ಫ್ಯಾನ್ ಎತ್ತರದಲ್ಲಿಡಿ.

ಅಮ್ಮ_ಇಂಜಿನಿಯರ್
ಇಟ್ಟಿದ್ದೇನೆ. ಸಾಕೆಟ್‌ಗಳಿಗೆ ಶಟರ್ ಇದೆ ಅಂತ ಧೈರ್ಯವಾಗಿದ್ದೆ. ನಮ್ಮ ಮಾವನವರು ಪೆನ್ನಿನ ಕ್ಯಾಪ್‌ನಿಂದ ಮೇಲಿನ ತೂತು ಒತ್ತಿ, ಶಟರ್ ತೆರೆದು, ಎರಡು ಪಿನ್ನಿನ ಚಾರ್ಜರ್ ಹಾಕುತ್ತಾರೆ. ಮಗು ಪಕ್ಕದಲ್ಲಿ ಕೂತು ನೋಡುತ್ತಿರುತ್ತದೆ!

ವೈರ್‌ಮನ್_ಗದಗ
ಅದು ಮನೆ ಮನೆ ಕಥಿ ಅಕ್ಕಾರ. ಅರ್ಥ್ ಪಿನ್ ಉದ್ದ, ಅದು ಮೊದಲ ಒಳಗ ಹೋಗಿ ಶಟರ್ ತೆಗೀತದ. ಎರಡು ಪಿನ್ನಿಗೆ ಅರ್ಥ್ ಇಲ್ಲ, ಮಂದಿ ಪೆನ್ ಹುಡುಕ್ತಾರ. ಅದಕ್ಕಿಂತ ದೊಡ್ಡದು ಮದುವಿ ಮನಿ ಸೀರಿಯಲ್ ಸೆಟ್. ಪ್ಲಗ್ಗೇ ಇರಂಗಿಲ್ಲ. ಬರೇ ವೈರ್ ತುದಿ ತೂತಿನಾಗ ತುರುಕಿ ಬೆಂಕಿಕಡ್ಡಿ ಬಡೀತಾರ. ಅದಕ್ಯಾವ ಐಪಿ ರೀ?

ಮ್ಯೂನಿಕ್_ಮೈಸೂರಿಗ
ಐಪಿ ಅಲ್ಲ, ಅದು ಹಳೇ ಐಪಿಸಿ.

ಕ್ವಾಲಿಟಿ_ಅಕ್ಕ
ಸುತ್ತಮುತ್ತ ನೋಡಿದರೆ ಬೆರಳಿನ ಪರೀಕ್ಷೆಯಲ್ಲಿ ಬೀಳುವ ಸಾಮಾನು ಎಷ್ಟೋ ಇವೆ. ನಮ್ಮ ಹಳೇ ಪಿನ್ ಹೋಲ್ಡರ್ ತೆಗೆದುಕೊಳ್ಳಿ. ಬಲ್ಬ್ ತೆಗೆದರೆ ಒಳಗೆ ಸ್ಪ್ರಿಂಗ್ ಮೇಲೆ ಎರಡು ಹಿತ್ತಾಳೆ ಕಡ್ಡಿ. ಬೆರಳಿಗೆ ನೇರ ಸಿಗುತ್ತವೆ. ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್ ಇನ್ನೊಂದು. ಮುಚ್ಚಿದ್ದಾಗ ಪರವಾಗಿಲ್ಲ. ಕ್ಯಾರಿಯರ್ ಕಿತ್ತ ಕ್ಷಣ ಬೇಸ್‌ನ ಕಾಂಟ್ಯಾಕ್ಟ್ ಬಾಯಿ ತೆರೆದುಕೊಂಡು ಕೂರುತ್ತದೆ. ಫ್ಯೂಸ್ ಕಟ್ಟುವವನ ಮುಖದ ಎದುರಿಗೇ.

ಆರ್‌ಸಿಸಿಬಿ_ಭಕ್ತ
ಒಂದು ಡೌಟ್. ಐಪಿ 54 ಪ್ಯಾನೆಲ್‌ಗೆ ಬೆರಳೇನು, ಧೂಳೇ ಸರಿಯಾಗಿ ಹೋಗಲ್ಲ. ಒಳಗೆ ಮತ್ತೆ ಬೇರೆ ಐಪಿ ಯಾಕೆ?

ಲ್ಯಾಬ್_ಪೆನ್ಷನರ್
ಬಾಗಿಲು ಮುಚ್ಚಿದ್ದರೆ ನಿಮ್ಮ ಮಾತು ನಿಜ. 5 ಅಂದರೆ 1 ಎಂಎಂ ತಂತಿಯೂ ಒಳಗೆ ಹೋಗಬಾರದು. ಬಾಗಿಲು ತೆಗೆದ ಮೇಲೆ ಆ 54 ಗಾಳಿಗೆ ಹೋಯಿತು. ಕೀಲಿ ಅಥವಾ ಟೂಲ್ ಇಲ್ಲದೆ ತೆಗೆಯುವ ಬಾಗಿಲಾದರೆ, ತೆಗೆದಾಗ ಸಪ್ಲೈ ಹೋಗಬೇಕು, ಇಲ್ಲ ಒಳಗೆ ಟೂಲ್ ಹಾಕಿ ಮಾತ್ರ ಬಿಚ್ಚುವ ಇನ್ನೊಂದು ತಡೆ ಇರಬೇಕು. ಪೀಣ್ಯದವರ ಶೀಟ್ ಆ ತಡೆ. @ಪೀಣ್ಯ_ಪ್ಯಾನೆಲ್ ಅಂದಹಾಗೆ, ಆ ಶೀಟಿಗೆ ಏನು ಹಾಕಿದ್ದೀರಿ? ಕೈಯಲ್ಲಿ ತಿರುಗಿಸುವ ನಾಬ್ ಸ್ಕ್ರೂ ಅಲ್ಲ ತಾನೇ?

ಪೀಣ್ಯ_ಪ್ಯಾನೆಲ್
...ಪ್ಲಾಸ್ಟಿಕ್ ನಾಬ್. ಗಿರಾಕಿಯೇ ಬಿಚ್ಚಲು ಸುಲಭ ಇರಲಿ ಅಂದಿದ್ದರು.

ಲ್ಯಾಬ್_ಪೆನ್ಷನರ್
ಹಾಗಾದರೆ ಅದೂ ಹೋಗಬೇಕು. ಕೈಯಲ್ಲಿ ಬಿಚ್ಚುವುದಾದರೆ ಶೀಟ್ ಇದ್ದೂ ಇಲ್ಲದ ಹಾಗೆ.

ಶಾರ್ಟ್‌ಕಟ್_ಸ್ವಾಮಿ
ಇನ್‌ಸ್ಪೆಕ್ಟರ್ ಅದನ್ನು ನೋಡಿಲ್ಲ ಅಲ್ವಾ? ಸುಮ್ನಿರಿ 🤫

ಕ್ವಾಲಿಟಿ_ಅಕ್ಕ
ಇಂಥ ಸಲಹೆ ಕೊಡೋರಿಂದಲೇ ನಮ್ಮ ಕಡೆ ಪ್ಯಾನೆಲ್‌ಗೆ ಹೆಸರು ಕೆಡುವುದು.

ಮಲೆನಾಡ_ಮೋಟರ್
ಐಪಿ 54 ಅಂತ ನೇಮ್‌ಪ್ಲೇಟ್ ಹೊಡೆದು, ಕೆಳಗೆ ಕೇಬಲ್ ಬರುವ ಗ್ಲ್ಯಾಂಡ್ ಪ್ಲೇಟ್‌ನಲ್ಲಿ ಮುಷ್ಟಿ ಗಾತ್ರದ ತೂತು ಬಿಟ್ಟು ಕೇಬಲ್ ಎಳೆದಿರುತ್ತಾರಲ್ಲ, ಅದರ ಬಗ್ಗೆ ಯಾರಾದರೂ ಮಾತಾಡಿ. ನಮ್ಮಲ್ಲಿ ಬೆರಳು ಬೇಡ, ಇಲಿ, ಹಲ್ಲಿ, ಮಳೆಗಾಲದಲ್ಲಿ ಹಾವು ಎಲ್ಲ ಅಲ್ಲಿಂದಲೇ. ಹಲ್ಲಿ ಎರಡು ಫೇಸ್ ನಡುವೆ ಹೋಗಿ ಶಾರ್ಟ್ ಆಗಿ ಇಡೀ ಅಡಿಕೆ ಸುಲಿಯೋ ಯೂನಿಟ್ ನಿಂತಿತ್ತು.

ಮ್ಯೂನಿಕ್_ಮೈಸೂರಿಗ
ಹಲ್ಲಿಗೆ ಐಪಿ 2ಎಕ್ಸ್ ಲೆಕ್ಕಕ್ಕಿಲ್ಲ. 12 ಎಂಎಂ ಅದಕ್ಕೆ ಹೆಬ್ಬಾಗಿಲು. 4ಎಕ್ಸ್ ಆದರೆ ತಡೆಯಬಹುದು, 1 ಎಂಎಂ ತಂತಿಯ ಲೆಕ್ಕ ಅದು.

ಮಲೆನಾಡ_ಮೋಟರ್
ಕೇಬಲ್ ಸುತ್ತ ಬಿಗಿಯುವ ಗ್ಲ್ಯಾಂಡ್ ಹಾಕದಿದ್ದರೆ 4ಎಕ್ಸ್ ಆದರೇನು 6ಎಕ್ಸ್ ಆದರೇನು ಮಾರಾಯ್ರೆ.

ಪೀಣ್ಯ_ಪ್ಯಾನೆಲ್
ಗ್ಲ್ಯಾಂಡ್ ಸೈಟಿನವರ ಕೆಲಸ, ನಮ್ಮದಲ್ಲ 🙏 ನಾವು ತೂತಿಲ್ಲದ ಪ್ಲೇಟ್ ಕೊಡುತ್ತೇವೆ, ಅವರು ಗ್ಯಾಸ್ ಕಟರ್ ಹಾಕುತ್ತಾರೆ.

ವಿಷಯಕ್ಕೆ ಬರುತ್ತೇನೆ. ಹೊಸ ಶೀಟ್‌ನಲ್ಲಿ 6 ಎಂಎಂ ತೂತು ಮಾಡಿದರೆ ಮೀಟರ್ ಪ್ರೋಬ್ ಹೋಗುತ್ತೆ, ಬೆರಳು ಹೋಗಲ್ಲ. ಟರ್ಮಿನಲ್ 25 ಹಿಂದೆ ಇದೆ. ಸಾಕಲ್ವಾ?

ಲ್ಯಾಬ್_ಪೆನ್ಷನರ್
2ಎಕ್ಸ್‌ಗೆ ಸಾಕು. ಮುಂದೆ ಯಾವತ್ತಾದರೂ ಗಿರಾಕಿ 3ಎಕ್ಸ್ ಕೇಳಿದರೆ ಸಾಲದು. ಅದಕ್ಕೆ 2.5 ಎಂಎಂ ಕಡ್ಡಿ ಹಾಕಿ ನೋಡುತ್ತಾರೆ, 6ರ ತೂತಿನಲ್ಲಿ ಧಾರಾಳವಾಗಿ ಹೋಗುತ್ತದೆ. ಮೀಟರ್ ಪ್ರೋಬ್ ಹೋಗಬೇಕು, ಕಡ್ಡಿ ಹೋಗಬಾರದು ಅಂದರೆ ಆಗಲ್ಲ. ಆಗ ತೂತೇ ಬೇಡ, ವೋಲ್ಟೇಜ್ ನೋಡೋಕೆ ಬಾಗಿಲ ಮೇಲೆ ಮೀಟರ್ ಕೊಡಿ.

ಶೀಟಿನ ದಪ್ಪ ಎಷ್ಟು? 10 ನ್ಯೂಟನ್ ಒತ್ತಿದಾಗ ಬಳುಕಿ ಅಂಚಿನಲ್ಲಿ ಸಂದು ಬಾಯಿ ಬಿಟ್ಟರೆ ಅಲ್ಲಿಂದ ಬೆರಳು ಹೋಗುತ್ತದೆ. ನಾಲ್ಕು ಮೂಲೆಗೆ ಸ್ಕ್ರೂ ಹಾಕಿ ನಡುವೆ ಬಿಟ್ಟಿದ್ದರೆ ನಡುವೆಯೂ ಒಂದು ಸಪೋರ್ಟ್ ಕೊಡಿ.

ಪೀಣ್ಯ_ಪ್ಯಾನೆಲ್
3 ಎಂಎಂ. ನಡುವೆ ಸಪೋರ್ಟ್ ಇಲ್ಲ, ಹಾಕಿಸುತ್ತೇನೆ. ನಾಬ್ ಬದಲು ಅಲೆನ್ ಸ್ಕ್ರೂ. ಎಂಸಿಸಿಬಿ ಕಂಪನಿಯದ್ದೇ ಟರ್ಮಿನಲ್ ಶ್ರೌಡ್ (ಟರ್ಮಿನಲ್ ಮುಚ್ಚಳ) ಸಿಗುತ್ತಲ್ಲ, ಅದನ್ನೂ ಹಾಕಿಬಿಡುತ್ತೇನೆ, ರೇಟ್ ಜಾಸ್ತಿ ಏನಿಲ್ಲ. ಈ ಉಕ್ಕಿನ ಬೆರಳು ಎಲ್ಲಿ ಸಿಗುತ್ತೆ? ನಮ್ಮ ಟರ್ನರ್ ಕೈಯಲ್ಲೇ ಮಾಡಿಸಿದರೆ ನಡೆಯುತ್ತಾ?

ಕ್ವಾಲಿಟಿ_ಅಕ್ಕ
ನಿಮ್ಮ ವರ್ಕ್‌ಶಾಪಿನೊಳಗೆ ಮೊದಲೇ ನೋಡಿಕೊಳ್ಳೋಕೆ ಟರ್ನರ್ ಬೆರಳು ಧಾರಾಳ ಸಾಕು. ರಿಪೋರ್ಟ್ ಬೇಕು ಅಂದರೆ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಇರುವುದೇ ಬೇಕು, ಇಲ್ಲ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್‌ಗೆ ಕೊಡಬೇಕು. ಐಪಿ ಪರೀಕ್ಷೆಗೆ ಬೆಂಗಳೂರಿನಲ್ಲೇ ಸಿಪಿಆರ್‌ಐ (ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ) ಇದೆ, ಖಾಸಗಿ ಲ್ಯಾಬ್‌ಗಳೂ ಇವೆ. ಮಾಡಿಸುವುದಾದರೆ ಬೆರಳಿನ ಜೊತೆ 12.5ರ ಗುಂಡನ್ನೂ ಮಾಡಿಸಿಕೊಳ್ಳಿ, ಎಲ್ಲರೂ ಅದನ್ನೇ ಮರೆಯುವುದು.

ಬೋರ್‌ವೆಲ್_ಭೈರ
ಎಲ್ಲರೂ ಹೆದರಿಸಿ ಬಿಟ್ರಿ. ಸ್ಟಾರ್ಟರ್‌ಗೆ ಹೊಸ ಬಾಕ್ಸ್ ತರ್ತೀನಿ. ಕಿಟ್‌ಕ್ಯಾಟ್ ತೆಗೆದು ಏನು ಹಾಕಲಿ? 5 ಎಚ್‌ಪಿ ಸಬ್‌ಮರ್ಸಿಬಲ್.

ಮಲೆನಾಡ_ಮೋಟರ್
ಎಂಪಿಸಿಬಿ ಹಾಕಿ, ಮೋಟರ್‌ಗೆ ಅಂತಲೇ ಇರೋ ಬ್ರೇಕರ್. ಓವರ್‌ಲೋಡ್, ಶಾರ್ಟ್ ಎರಡೂ ನೋಡ್ಕೊಳ್ಳುತ್ತೆ, ತಂತಿ ಕಟ್ಟೋ ಗೋಜಿಲ್ಲ. ಆಂಪಿಯರ್ ಎಷ್ಟಕ್ಕೆ ಸೆಟ್ ಮಾಡೋದು ಅಂತ ಮೋಟರ್ ನೇಮ್‌ಪ್ಲೇಟ್ ನೋಡಿ ಹೇಳಬೇಕು. ಸಬ್‌ಮರ್ಸಿಬಲ್ ಮಾಮೂಲಿ ಮೋಟರ್‌ಗಿಂತ ಸ್ವಲ್ಪ ಜಾಸ್ತಿ ಎಳೆಯುತ್ತೆ.

ಬೋರ್‌ವೆಲ್_ಭೈರ
ನೇಮ್‌ಪ್ಲೇಟ್ ಮೋಟರ್ ಜೊತೆ ಬೋರ್ ಒಳಗಿದೆ ಅಣ್ಣ.

ಮಲೆನಾಡ_ಮೋಟರ್
ಹಾಗಾದ್ರೆ ಬಿಲ್ ಹುಡುಕಿ, ಇಲ್ಲ ಕ್ಲ್ಯಾಂಪ್ ಮೀಟರ್ ಇರೋ ಮೆಕ್ಯಾನಿಕ್ ಕರೆಸಿ. ಈಗಿರೋ ಬಾಕ್ಸಿಂದು ಒಂದು ಫೋಟೋನೂ ಹಾಕಿ. ದೂರದಿಂದ ತೆಗೀರಿ!